ಬಿಲ್ಲೆಯ ಬೆನ್ನು ನೋಡುವ ಸಿದ್ದಲಿಂಗಮ್ಮ

ಕೆ.ಆರ್. ಪೇಟೆ ಕಡೆಯ ಮೊದಲ ಬಸ್ಸು ಪಾಂಡವಪುರಕ್ಕೆ ಬಂದು ನಿಂತಾಗ ಬೀದಿದೀಪಗಳು ಇನ್ನೂ ಆರಿಲ್ಲ. ಬಸ್ಸಿನ ತಲೆಯ ಮೇಲಿಂದ ಎರಡು ಟ್ರಂಕು, ಒಂದು ದೊಡ್ಡ ಗಂಟು ಇಳಿಯುತ್ತವೆ. ಗಂಟಿನ ಬಾಯಿಂದ ಗದೆಯೊಂದು ತಲೆ ಹೊರಗೆ ಹಾಕಿದೆ. ಸಂತೆಬಾಚಹಳ್ಳಿ ಪಕ್ಕದ ಊರೊಂದರಲ್ಲಿ ಕೋಳಿ ಕೂಗುವವರೆಗೆ ಪೌರಾಣಿಕ ನಾಟಕ ಆಡಿದ ರಾಜರು, ಸೇನಾಪತಿಗಳು ಇಷ್ಟು ಹೊತ್ತಿಗೆ ಮುಖದ ಬಣ್ಣ ತೊಳೆದುಕೊಂಡು ಹಾಲು ಕರೆಯಲು ಕೂತಿರಬೇಕು. ಅವರ ರಾಜ್ಯಭಾರವೆಲ್ಲ ಗಂಟುಕಟ್ಟಿಸಿಕೊಂಡು ಸಿದ್ದರಾಜು ಅವರ ನಾಟಕದ ಡ್ರೆಸ್ ಅಂಗಡಿಯ ಜಗಲಿಗೆ ಬಂದು ಬೀಳುತ್ತದೆ.

ಜಗಲಿಯ ಮೇಲೆ ಸಿದ್ದಲಿಂಗಮ್ಮ ಆಗಲೇ ಕೂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಬಾಯಲ್ಲಿ ಎಲೆ ಅಡಿಕೆ ಇದೆ. ರೇಷ್ಮೆಯ ನಿಲುವಂಗಿ ಹರಿದಿದೆಯೋ, ಕಿರೀಟದ ಮಿಣುಕು ಉದುರಿದೆಯೋ ಎಂದು ಅವರು ಮೊದಲು ನೋಡುವುದಿಲ್ಲ. ಅವರ ಕೈ ನೇರವಾಗಿ ಹೋಗುವುದು ಎದೆಪಟ್ಟಿಗಳ ಕಡೆ. ಕಪ್ಪು ಮಖಮಲ್ಲಿನ ಆ ಪಟ್ಟಿಗಳ ಮೇಲೆ ಸಾಲಾಗಿ ಹೊಳೆಯುವುದು ಬೇರೇನೂ ಅಲ್ಲ, ಹಳೆಯ ಕಾಲದ ಸಿಪಾಯಿಗಳ ಟೋಪಿ ಬಿಲ್ಲೆ, ಭುಜದ ಪಟ್ಟಿಯ ಹಿತ್ತಾಳೆ ಅಕ್ಷರ, ಕೋಟಿನ ಗುಂಡಿ. ಸಿದ್ದಲಿಂಗಮ್ಮ ಬೆರಳಾಡಿಸುತ್ತಾ ಹಾಜರಿ ಕೂಗುತ್ತಾರೆ.

“ರಾಜ ಬಂದ. ಮಂತ್ರಿ ಬಂದ. ಸೇನಾಪತಿಗೆ ಒಂದು ಗುಂಡಿ ಕಮ್ಮಿ ಅದೆ. ಎಲ್ಲೋಯ್ತಪ್ಪ?”

ಗಂಟು ತಂದವನು ತಲೆ ಕೆರೆದುಕೊಳ್ಳುತ್ತಾನೆ. “ಸೇನಾಪತಿ ಯುದ್ಧದಲ್ಲಿ ಬಿದ್ನಲ್ಲಕ್ಕ, ಅಲ್ಲೇ ಉದ್ರಿರ್ಬೇಕು.”

“ಬೀಳೋನು ಒಸಿ ಮೆತ್ತಗೆ ಬೀಳ್ಬಾರ್ದಾ,” ಎನ್ನುತ್ತಾ ಅವರು ಗಂಟಿನ ತಳ ಜಾಲಾಡುತ್ತಾರೆ. ಗುಂಡಿ ರಾಣಿಯ ಸವರಿಯ ಕೂದಲಲ್ಲಿ ಸಿಕ್ಕಿಕೊಂಡಿರುತ್ತದೆ. ಅದನ್ನು ಬಿಡಿಸಿ, ಬೆನ್ನು ಮೇಲೆ ಮಾಡಿ ಒಂದು ಸಲ ನೋಡಿ, ಬಾಯಿಂದ ಉಫ್ ಎಂದು ಊದಿ, ತಮ್ಮ ಡಬ್ಬಿಗೆ ಹಾಕಿಕೊಂಡ ಮೇಲೆಯೇ ಅವರಿಗೆ ಬೆಳಗಾದ ಹಾಗೆ.

ನಾಟಕ ನೋಡಿದವರು ರಾಜಪಾರ್ಟಿನವನ ಕಂಠವನ್ನು ವಾರಗಟ್ಟಲೆ ಹೊಗಳುತ್ತಾರೆ, ಹಾರ್ಮೋನಿಯಂ ಮೇಷ್ಟ್ರಿಗೆ ಹಾರ ಹಾಕುತ್ತಾರೆ. ಆ ರಾಜನ ಎದೆ ಏಕೆ ಅಷ್ಟು ಹೊಳೆಯಿತು ಎಂದು ಯಾರೂ ಕೇಳುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಈ ನಾಲ್ಕೂ ಕಡೆಯ ನಾಟಕದ ಎದೆಗಳನ್ನು ಹೊಳೆಸಿದ ಈ ಹೆಂಗಸಿಗೆ ಇನ್ನೊಂದು ವಿದ್ಯೆಯೂ ಗೊತ್ತು. ಯಾವುದೇ ಹಳೆಯ ಬಿಲ್ಲೆಯನ್ನು, ಪಿನ್ನನ್ನು ಕೈಗಿಟ್ಟರೆ ಅದು ಯಾರದು, ಹೆಚ್ಚುಕಮ್ಮಿ ಯಾವ ಕಾಲದ್ದು ಎಂದು ಅವರು ಹೇಳಬಲ್ಲರು. ಗೊತ್ತಾಗದಿದ್ದರೆ ಗೊತ್ತಿಲ್ಲ ಎಂದೂ ಹೇಳಬಲ್ಲರು, ಇದು ಇನ್ನೂ ಅಪರೂಪ.

ಸಿದ್ದಲಿಂಗಮ್ಮ ಹುಟ್ಟಿದ್ದು ನಾಗಮಂಗಲದಲ್ಲಿ. ತಂದೆ ಅಲ್ಲಿನ ಹಿತ್ತಾಳೆ ಕೆಲಸದವರ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದರು. ಮಗಳು ಬುತ್ತಿ ತೆಗೆದುಕೊಂಡು ಹೋದವಳು ಅಲ್ಲೇ ಕೂತು, ಎರಕ ಹೊಯ್ದದ್ದು ಯಾವುದು, ತಗಡಿಗೆ ಅಚ್ಚು ಒತ್ತಿದ್ದು ಯಾವುದು, ಬೆಸುಗೆ ಯಾವ ಕೈಯದು ಎಂದು ನೋಡುತ್ತಾ ಬೆಳೆದಳು. ಮದುವೆಯಾಗಿ ಪಾಂಡವಪುರಕ್ಕೆ ಬಂದಾಗ ಗಂಡ ಜವರಯ್ಯ ಇದೇ ಡ್ರೆಸ್ ಅಂಗಡಿಯಲ್ಲಿ ಟೈಲರು. ಈಗ ಅವರಿಗೆ ಕಣ್ಣು ಮಂಜು. ಹೊಲಿಗೆ ಯಂತ್ರ ಹೆಂಡತಿಯ ಪಾಲಾಗಿದೆ, ಜವರಯ್ಯ ಪಕ್ಕದಲ್ಲಿ ಕೂತು ಮಣಿ ಪೋಣಿಸುತ್ತಾರೆ. ಕಣ್ಣು ಕಾಣದಿದ್ದರೂ ಬಾಯಿಗೇನೂ ಮಂಜು ಬಂದಿಲ್ಲ. “ಇವ್ಳು ನನ್ನ ಮದ್ವೆ ಆದ್ಮೇಲೂವೆ ಮೊದ್ಲು ನೋಡಿದ್ದು ನನ್ನ ಬೆನ್ನೇ ಇರ್ಬೇಕು,” ಎಂದು ಅವರು ನಗುತ್ತಾರೆ.

ಬೆನ್ನಿನ ಮಾತಿಗೆ ಕಾರಣವಿದೆ. ಸಿದ್ದಲಿಂಗಮ್ಮನ ಕೈಗೆ ಏನೇ ಕೊಡಿ, ಅವರು ಮೊದಲು ತಿರುವಿಹಾಕುತ್ತಾರೆ.

“ಮುಖ ನೋಡಿ ಮೋಸ ಓಗ್ಬ್ಯಾಡಿ. ಮುಖ ಎಲ್ರೂ ಉಜ್ಕಂಡಿರ್ತಾರೆ. ಬೆನ್ನ ಯಾರೂ ಉಜ್ಜಾಕಿಲ್ಲ,” ಎನ್ನುತ್ತಾರೆ. ಟೋಪಿಯ ಬಿಲ್ಲೆಯಾದರೆ ಬೆನ್ನಲ್ಲಿ ಎರಡು ಕಿವಿ ಇರಬೇಕು, ಬಟ್ಟೆಯಲ್ಲಿ ತೂರಿಸಿ ಒಳಗಿಂದ ಕಡ್ಡಿ ಹಾಕಲು. ಕೆಲವಕ್ಕೆ ಕಿವಿಯ ಬದಲು ಉದ್ದ ನಾಲಿಗೆಯಂಥ ಪಟ್ಟಿ. ಬೆಸುಗೆ ಒರಟಾಗಿ, ಅಂಚು ಗರಗರ ಅನ್ನುತ್ತಿದ್ದರೆ ಎರಡನೇ ದೊಡ್ಡ ಯುದ್ಧದ ಗಡಿಬಿಡಿಯಲ್ಲಿ ನಮ್ಮ ಕಡೆಯೇ ಎರಕ ಹೊಯ್ದದ್ದು ಇರಬಹುದು. ಇಷ್ಟು ನೋಡಿದ ಮೇಲೆಯೇ ಮುಖದ ಸರದಿ. ಸಿಂಹದ ಮುದ್ರೆ ಇದ್ದರೆ ನಮ್ಮ ಸರ್ಕಾರ ಬಂದ ಮೇಲಿನದು. ಕಿರೀಟ ಇದ್ದರೆ ಅದಕ್ಕೂ ಮುಂಚಿನದು. ಕಿರೀಟ ಎಂದರೆ ಸಿದ್ದಲಿಂಗಮ್ಮನಿಗೆ ಕೈತುತ್ತಿನಷ್ಟು ಸಲೀಸು, ದಿನವೂ ರಟ್ಟಿನಲ್ಲಿ ಕತ್ತರಿಸುವವರಲ್ಲವೇ. ಕಮಾನು ನಡುವೆ ತಗ್ಗಿದ್ದರೆ ಬಿಳಿಯರ ರಾಣಿಯ ಕಾಲ, ದುಂಡಗೆ ಉಬ್ಬಿದ್ದರೆ ಆಮೇಲಿನ ರಾಜರ ಕಾಲ ಎಂದು ಅವರು ಕಿರೀಟ ಕಟ್ಟುವವರ ಕಣ್ಣಲ್ಲೇ ಗುರುತಿಸುತ್ತಾರೆ.

ಪಿನ್ನುಗಳ ಕಥೆಯೇ ಬೇರೆ. ಮಹಾರಾಜರ ಚಿತ್ರದ ಪಿನ್ನು, ವಸ್ತುಪ್ರದರ್ಶನದಲ್ಲಿ ಕೊಂಡ ಗಿಳಿಯ ಪಿನ್ನು, ಟೀಪುಡಿಯ ಜೊತೆ ಬಿಟ್ಟಿ ಬಂದ ಆನೆಯ ಪಿನ್ನು ಎಲ್ಲವೂ ಅವರ ಡಬ್ಬಿಯಲ್ಲಿವೆ. ಚಿತ್ರದ ಮೇಲೆ ಹೊದಿಸಿದ ಗಾಜಿನಂಥ ಹಾಳೆಯನ್ನು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಗಿಗೆ ಹಿಡಿಯುತ್ತಾರೆ. ಕರ್ಪೂರದ ವಾಸನೆ ಬಂದರೆ ಹಳೆಯ ಕಾಲದ ಹಾಳೆ, ಬರದಿದ್ದರೆ ಈಚಿನ ಪ್ಲಾಸ್ಟಿಕ್ಕು. “ಪಿನ್ನಿಗೂವೆ ಮಂಗಳಾರತಿ ಎತ್ದಂಗಾಯ್ತದೆ,” ಎಂದು ನಗುತ್ತಾ ಅದನ್ನು ಪಕ್ಕದವರ ಮೂಗಿಗೂ ಹಿಡಿಯುತ್ತಾರೆ.

ಈ ವಿದ್ಯೆ ಅವರಿಗೆ ಅಂಟಿದ್ದು ಒಂದು ರಂಪದಿಂದ. ಸಿದ್ದರಾಜು ಅವರ ತಂದೆಯ ಕಾಲದಲ್ಲಿ ಮೈಸೂರಿನ ಹಳೇ ಸಾಮಾನಿನವರಿಂದ ಒಂದು ಮೂಟೆ ಹಿತ್ತಾಳೆ ಬಿಲ್ಲೆ ಅಂಗಡಿಗೆ ಬಂತು. ಹೊಳೆಯುವುದೆಲ್ಲ ಒಳ್ಳೆಯದೇ ಎಂದು ಸಿಕ್ಕಸಿಕ್ಕ ಎದೆಪಟ್ಟಿಗೆ ಹೊಲಿದರು. ಕೆ.ಆರ್. ಪೇಟೆ ಹತ್ತಿರದ ಊರಲ್ಲಿ ನಾಟಕ ನಡೆದಿದೆ, ದುಷ್ಟ ರಾಜ ಆರ್ಭಟಿಸುತ್ತಿದ್ದಾನೆ. ಮುಂದಿನ ಸಾಲಿನಿಂದ ನಿವೃತ್ತ ಹವಾಲ್ದಾರರೊಬ್ಬರು ಎದ್ದು ನಿಂತೇಬಿಟ್ಟರು. “ಲೇ, ನಮ್ಮ ಪಲ್ಟನ್ ಬಿಲ್ಲೆ ಈ ಅನ್ಯಾಯಗಾರನ ಎದೆ ಮೇಲ್ಯಾಕ್ಲಾ ಬಂತು? ಬಿಚ್ಚಾಕು. ಬಿಚ್ಚೋಗಂಟ ಪದ ಏಳಂಗಿಲ್ಲ,” ಎಂದರು. ನಾಟಕ ನಿಂತಿತು. ಕೊನೆಗೆ ಬಿಲ್ಲೆಯನ್ನು ದುಷ್ಟನಿಂದ ಕಿತ್ತು ಧರ್ಮರಾಜನಂಥ ಒಳ್ಳೆಯ ರಾಜನಿಗೆ ಚುಚ್ಚಿದ ಮೇಲೆ ಹವಾಲ್ದಾರರು ಕೂತರು. ಪಾಪ, ಒಳ್ಳೆಯ ರಾಜ ಆ ರಾತ್ರಿ ಪೂರಾ ಅವರ ಕಡೆಗೇ ತಿರುಗಿ ಹಾಡಿದನಂತೆ.

ಮರುದಿನ ಸಿದ್ದಲಿಂಗಮ್ಮ ಆ ಹವಾಲ್ದಾರರ ಮನೆ ಹುಡುಕಿಕೊಂಡು ಹೋದರು. ಬೈಸಿಕೊಂಡು ಬರಲಲ್ಲ, ಕೇಳಿ ತಿಳಿಯಲು. ಯಾವುದು ಯಾರದು, ಯಾವುದರ ಮೇಲೆ ಯಾರ ನೆತ್ತರಿನ ನೆನಪಿದೆ ಎಂದು ಗೊತ್ತಿಲ್ಲದೆ ಹೊಲಿದರೆ ಅದು ಹೊಲಿಗೆಯಲ್ಲ, ತಪ್ಪು ಎಂದು ಅವರಿಗೆ ಅನ್ನಿಸಿತ್ತು. ಆಮೇಲೆ ಸಿಕ್ಕ ಸಿಕ್ಕ ನಿವೃತ್ತ ಸಿಪಾಯಿಗಳನ್ನೆಲ್ಲ ಕೇಳಿದರು. ಸುದ್ದಿ ಹರಡಿತು. ಕಬ್ಬಿನ ಗದ್ದೆ ಉಳುವಾಗ ಗುಂಡಿ ಸಿಕ್ಕವರು, ಅಜ್ಜನ ಪೆಟ್ಟಿಗೆ ತೆರೆದವರು, ಅಜ್ಜಿಯ ಸೀರೆಪಿನ್ನು ಯಾರ ಚಿತ್ರದ್ದು ಎಂದು ತಿಳಿಯದವರು ಜಗಲಿಗೆ ಬರತೊಡಗಿದರು. ಗಂಜಾಂ ಕಡೆಯಿಂದ ಬರುವವರದೆಲ್ಲ ಒಂದೇ ರಾಗ, ನಮ್ಮ ಹೊಲದಲ್ಲಿ ಸಿಕ್ಕಿದ್ದು ಟಿಪ್ಪು ಕಾಲದ್ದು. ಅದರಲ್ಲಿ ಅರ್ಧಕ್ಕರ್ಧ ರೈಲ್ವೆ ಪೋರ್ಟರಿನ ಗುಂಡಿ. ಹಾಗೆ ಹೇಳಿದರೆ ಬಂದವರು ಸಪ್ಪಗಾಗುತ್ತಾರೆ. ಅದಕ್ಕೇ ಸಿದ್ದಲಿಂಗಮ್ಮ ಮೊದಲು ನೀರು ಕೊಡುತ್ತಾರೆ, ಆಮೇಲೆ ಹೇಳುತ್ತಾರೆ.

ಈ ಕಡೆಯ ಬಾಯಿಯಲ್ಲಿ ಬಿಲ್ಲೆ ಎಂಬ ಮಾತು ಬಹಳ ಅಗಲ. ಸಿಪಾಯಿಯ ಟೋಪಿಯ ಮೇಲಿನದೂ ಬಿಲ್ಲೆಯೇ, ಕಚೇರಿ ಜವಾನನ ಪಟ್ಟಿಯದೂ ಬಿಲ್ಲೆಯೇ, ಪುರಸಭೆಯವರು ನಾಯಿಯ ಕೊರಳಿಗೆ ಕಟ್ಟುವುದೂ ಬಿಲ್ಲೆಯೇ. ಮಾತು ಒಂದೇ ಆದ್ದರಿಂದ ಮನೆಯ ನೆನಪುಗಳೂ ಒಂದರೊಳಗೊಂದು ಕಲಸಿಹೋಗುತ್ತವೆ. ಅದನ್ನು ಬಿಡಿಸುವುದು ಎಷ್ಟು ಕಷ್ಟದ ಕೆಲಸ ಎಂಬುದು ಸಿದ್ದಲಿಂಗಮ್ಮನಿಗೆ ಚೆನ್ನಾಗಿ ಅರ್ಥವಾದದ್ದು ಕಳೆದ ವರ್ಷ, ಸ್ವಾತಂತ್ರ್ಯದ ಐವತ್ತನೇ ವರ್ಷದ ಆಗಸ್ಟಿನಲ್ಲಿ.

ಅರಕೆರೆಯ ದ್ಯಾವಯ್ಯ ಮತ್ತು ಅವರ ಹೆಂಡತಿ ಮಂಗಳಮ್ಮ ಆವತ್ತು ಬೆಳಗಿನ ಬಸ್ಸಿಗೇ ಬಂದರು. ದ್ಯಾವಯ್ಯನಿಗೆ ಅರವತ್ತರ ಆಸುಪಾಸು, ನಾಲೆ ಬಯಲಲ್ಲಿ ಭತ್ತ ಬೆಳೆಯುವವರು. ಬಿಳಿ ಪಂಚೆ, ಗರಿಗರಿ ಅಂಗಿ. ಅವರ ಮನೆಗೆ ಊರಲ್ಲಿ ಮಿಲ್ಟ್ರಿ ಚೌಡಯ್ಯನ ಮನೆ ಎಂದೇ ಹೆಸರು. ತಂದೆ ಚೌಡಯ್ಯ ಅದೇ ದೊಡ್ಡ ಯುದ್ಧದ ಕಾಲದಲ್ಲಿ, ಮಗ ಇನ್ನೂ ಕೂಸಾಗಿದ್ದಾಗ, ಮನೆ ಬಿಟ್ಟು ಹೋಗಿ, ಎಷ್ಟೋ ವರ್ಷದ ಮೇಲೆ ಬಂದು, ಮಿಲ್ಟ್ರಿಲಿದ್ದೆ ಎಂದು ಒಂದು ಮಾತು ಹೇಳಿ ಸುಮ್ಮನಾದವರು. ತಂದದ್ದು ಒಂದು ಬಿಲ್ಲೆ. ಅವರು ತೀರಿಕೊಂಡ ಮೇಲೆ ಅದು ದೇವರಗೂಡಿನ ಪಕ್ಕದ ಮೊಳೆಗೆ ಏರಿತು. ಪ್ರತಿ ಮಾರ್ನಮಿ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತೊಳೆದು, ಕುಂಕುಮ ಇಟ್ಟು, ಹೂ ಏರಿಸುತ್ತಾ ಬಂದರು.

ಈಗ ಅರಕೆರೆಯ ಶಾಲೆ ಮೈದಾನದಲ್ಲಿ ಆಗಸ್ಟ್ ಹದಿನೈದಕ್ಕೆ ಸುತ್ತಲ ಊರುಗಳ ಸಿಪಾಯಿ ಮನೆತನದವರಿಗೆಲ್ಲ ಸನ್ಮಾನ. ಏರ್ಪಾಟಿನ ಹೊಣೆ ಹೊತ್ತ ಹೇಮಶ್ರೀ ಮೇಡಂ ದ್ಯಾವಯ್ಯನ ಮನೆಗೇ ಬಂದು, ತಂದೆಯವರ ಪಲ್ಟನ್ ಯಾವುದೆಂದು ತಿಳಿದರೆ ಮೈಕಿನಲ್ಲಿ ಸರಿಯಾಗಿ ಹೇಳಬಹುದು ಎಂದಿದ್ದರು. ಅಷ್ಟು ತಿಳಿಯಲು ಬಿಲ್ಲೆಯನ್ನು ಹಳದಿ ವಸ್ತ್ರದಲ್ಲಿ ಸುತ್ತಿ, ಕಣ್ಣಿಗೊತ್ತಿಕೊಂಡು ತಂದಿದ್ದರು ಗಂಡ ಹೆಂಡತಿ.

“ಮಿಲಿಟರಿ ಅಂತ ಬರ್ದದೆ ಕಣವ್ವ. ನಡೂಲಿ ಹದಿನಾಕು ಅಂತ ಅದೆ, ಅಪ್ಪನ ಸಿಪಾಯಿ ನಂಬ್ರು. ಪಲ್ಟನ್ ಒಂದು ಯೋಳ್ಬುಡು, ಸಾಕು,” ಎಂದರು ದ್ಯಾವಯ್ಯ.

ಸಿದ್ದಲಿಂಗಮ್ಮ ಬಿಲ್ಲೆಯನ್ನು ತಿರುವಿಹಾಕಿದರು. ಬೆನ್ನು ನುಣ್ಣಗಿತ್ತು. ಕಿವಿ ಇಲ್ಲ, ಪಟ್ಟಿ ಇಲ್ಲ, ಬೆಸುಗೆ ಕಿತ್ತ ಗುರುತೂ ಇಲ್ಲ. ಮೇಲ್ಗಡೆ ಒಂದು ತೂತು. ತೂತು ದುಂಡಗಿರದೆ ಮೇಲಕ್ಕೆ ಎಳೆದಂತೆ ಸವೆದಿತ್ತು. ಮೊಳೆಗೆ ಹಾಕಿ, ತೆಗೆದು, ಮತ್ತೆ ಹಾಕಿ ದಿನದಿನವೂ ಆಡಿಸಿದರೆ ಮಾತ್ರ ಹಾಗೆ ಸವೆಯುತ್ತದೆ. ವರ್ಷಕ್ಕೊಂದು ಸಲ ತೊಳೆಯಲು ತೆಗೆದರೆ ಸವೆಯುವುದಿಲ್ಲ. ಮುಖದ ಮೇಲರ್ಧದಲ್ಲಿ ಕನ್ನಡದಲ್ಲಿ ಮಿಲಿಟರಿ ಎಂದು ಕಮಾನಿನಂತೆ ಬರೆದದ್ದು ಚೊಕ್ಕವಾಗಿತ್ತು. ಕೆಳಗರ್ಧ ಮಾತ್ರ ಬೋಳು.

“ಕುಂಕುಮ ಯಾವಾಗ್ಲೂ ಇಲ್ಲೇ ಇಡ್ತೀರಾ?” ಎಂದು ಬೋಳಾದ ಜಾಗ ತೋರಿಸಿ ಕೇಳಿದರು.

“ಊಂ ಕಣಕ್ಕ,” ಎಂದರು ಮಂಗಳಮ್ಮ. “ಅಕ್ಸರದ ಮೇಲೆ ಇಡ್ಬಾರ್ದು ಅಂತ ಕೆಳೀಕೇ ಇಡದು. ಅಲ್ಲೂ ಏನೋ ತಗ್ಗು ಇತ್ತು, ಕುಂಕುಮ ಕಚ್ಕಬುಡದು. ನಾರು ಬೂದಿ ಆಕಿ ಚೆಂದಾಗಿ ತಿಕ್ತಿದ್ದೆ.”

ಸಿದ್ದಲಿಂಗಮ್ಮ ದೀಪದ ಕಾಡಿಗೆಯನ್ನು ಹೆಬ್ಬೆರಳಿಗೆ ಹಚ್ಚಿ ಬೋಳು ಜಾಗಕ್ಕೆ ಸವರಿದರು, ಮೇಲ್ಮೇಲೆ ಒರೆಸಿ ಬಾಗಿಲ ಬಿಸಿಲಿಗೆ ಓರೆಯಾಗಿ ಹಿಡಿದರು. ತಗ್ಗಿನಲ್ಲಿ ಉಳಿದ ಕಪ್ಪು ನಿಧಾನಕ್ಕೆ ಗೆರೆಗಳಾಗಿ ಕಂಡಿತು. ಮೊದಲ ಅಕ್ಷರದ ಉದ್ದನೆಯ ಬಾಲ, ನಡುವಿನ ಟೆ, ಕೊನೆಯ ಲಕಾರದ ಕೊಕ್ಕೆ. ಓದಿಕೊಂಡರು. ಇನ್ನೊಂದು ಸಲ ಓದಿಕೊಂಡರು. ಹೋಟೆಲ್.

ಮಾಂಸದೂಟದ ಮಿಲಿಟರಿ ಹೋಟೆಲಿನ ಕೆಲಸದವರ ಬಿಲ್ಲೆ ಅದು. ಬೆಳಿಗ್ಗೆ ಕೆಲಸಕ್ಕೆ ಬಂದವನು ತನ್ನ ನಂಬರಿನ ಬಿಲ್ಲೆಯನ್ನು ಹಲಗೆಯ ಮೊಳೆಗೆ ಹಾಕಬೇಕು, ಹೋಗುವಾಗ ತೆಗೆದುಕೊಳ್ಳಬೇಕು. ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರಿಗೆಲ್ಲ ಇಂಥದ್ದು ಗೊತ್ತು. ಚೌಡಯ್ಯ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೋಟೆಲ್ ಎಂಬುದನ್ನು ಅವರು ಮಾತಿನಲ್ಲಿ ನುಂಗಿದ್ದರು, ಬಿಲ್ಲೆಯ ಮೇಲಿನದನ್ನು ಮನೆಯವರು ಭಕ್ತಿಯಿಂದ ತಿಕ್ಕಿ ಅಳಿಸಿದ್ದರು.

ಸಿದ್ದಲಿಂಗಮ್ಮ ಇಬ್ಬರಿಗೂ ನೀರು ಕೊಟ್ಟರು. ಆಮೇಲೆ ದ್ಯಾವಯ್ಯನ ಹತ್ತಿರ ಕೂತು ಮೆಲ್ಲಗೆ ಹೇಳಿದರು. “ಅಣ್ಣ, ಇದು ಮಿಲ್ಟ್ರಿದೇಯ. ಬಂದೂಕದ ಮಿಲ್ಟ್ರಿ ಅಲ್ಲ. ಓಟ್ಲು.” ಹೇಳಿ, ಬಿಲ್ಲೆಯನ್ನು ಬಿಸಿಲಿಗೆ ಓರೆ ಹಿಡಿದು ತೋರಿಸಿದರು.

ದ್ಯಾವಯ್ಯ ನೋಡಿದರು. ಊರಲ್ಲಿ ಹೆಸರು ಸಾರಿಯಾಗಿದೆ, ಮೇಡಂ ಪಟ್ಟಿ ಬರೆದಾಗಿದೆ, ನೆಂಟರಿಗೆಲ್ಲ ಹೇಳಿಕಳಿಸಿ ಆಗಿದೆ. ಅದಕ್ಕಿಂತ ಹೆಚ್ಚಾಗಿ ಚಿಕ್ಕಂದಿನಿಂದ ಮಿಲ್ಟ್ರಿಯವನ ಮಗ ಎಂದು ಎದೆಯೆತ್ತಿ ನಡೆದ ಬೆನ್ನು ಅದು. ಕೊನೆಗೆ ಅವರ ಕಣ್ಣು ಗೋಡೆಯ ಕಪ್ಪು ಎದೆಪಟ್ಟಿಗಳ ಮೇಲೆ ನಿಂತಿತು. ಅಲ್ಲಿ ಅಸಲಿ ಬಿಲ್ಲೆಗಳು ಸಾಲಾಗಿದ್ದವು, ಗಂಡಭೇರುಂಡದ್ದೂ ಒಂದಿತ್ತು.

“ಅದ್ರಲ್ಲಿ ಒಂದ ಕೊಡವ್ವ. ಒಂದಿನದ ಮಟ್ಗೆ. ಬಾಡಿಗೆ ಇಸ್ಕೊ. ಮಾರ್ನೇ ದಿನ ತಂದ್ಕೊಡ್ತೀನಿ.”

ಮಾಲೀಕ ಸಿದ್ದರಾಜು ಕೆಟ್ಟವರಲ್ಲ. ದ್ಯಾವಯ್ಯನ ಮುಖ ನೋಡಿ ಅವರೇ ಎದ್ದು ಬಂದರು. “ಕೊಟ್ಬುಡವ್ವ, ಒಂದಿನಕ್ಕೆ ತಾನೆ. ನಮ್ದು ಬಾಡಿಗೆ ಕೊಡೋ ಅಂಗ್ಡಿನೇ ಅಲ್ವಾ. ಯಾರ್ಗೆ ಗೊತ್ತಾಯ್ತದೆ?” ಎಂದರು.

ಸಿದ್ದಲಿಂಗಮ್ಮನಿಗೂ ಕೈ ಮುಂದೆ ಹೋಗುವಂತಿತ್ತು ಎಂದು ಅವರು ಈಗ ಒಪ್ಪಿಕೊಳ್ಳುತ್ತಾರೆ. ಸುಳ್ಳು ರಾಜರಿಗೆ ವರ್ಷಪೂರ್ತಿ ಎದೆ ಹೊಲಿದುಕೊಡುವವರು ಒಬ್ಬ ಸಂಕಟದವನಿಗೆ ಒಂದು ಬೆಳಗಿನ ಮಟ್ಟಿಗೆ ಕೊಟ್ಟರೆ ಏನು ತಪ್ಪು? ಆದರೆ ಅವರಿಗೆ ಆ ಹವಾಲ್ದಾರರು ಎದ್ದು ನಿಂತ ಕಥೆ ನೆನಪಾಯಿತು. ಮೈದಾನದಲ್ಲಿ ಅಂಥವರೇ ಸಾಲಾಗಿ ಕೂತಿರುತ್ತಾರೆ.

“ನಾಟ್ಕಕ್ಕೆ ಅಂದ್ರೆ ಈಗ್ಲೇ ಬಿಚ್ಚಿ ಕೊಡ್ತೀನಿ ಅಣ್ಣ. ನಾಟ್ಕದಲ್ಲಿ ನೋಡೋರ್ಗೂ ಇದು ವೇಸ ಅಂತ ಗೊತ್ತಿರ್ತದೆ. ಅಲ್ಲಿ ಗೊತ್ತಿರಾಕಿಲ್ಲ. ಆ ಬಿಲ್ಲೆ ಯಾರ್ದೋ ಏನೋ, ಅವ್ರು ಬದುಕಿ ಬಂದ್ರೋ ಇಲ್ವೋ. ಅವ್ರ ಜಾಗ್ದಲ್ಲಿ ನಿಮ್ಮಪ್ಪನ್ನ ನಿಲ್ಸಬ್ಯಾಡಿ. ನಿಮ್ಮಪ್ಪಂಗೂ ಒಂದು ಜಾಗ ಅದಲ್ಲ.”

ದ್ಯಾವಯ್ಯ ಎದ್ದರು. “ಓಟ್ಲು ಜಾಗ,” ಎಂದಷ್ಟೇ ಹೇಳಿ, ಬಿಲ್ಲೆಯನ್ನು ಹೊಲಿಗೆ ಯಂತ್ರದ ಮೇಲೆ ಬಿಟ್ಟು ನಡೆದುಬಿಟ್ಟರು. ಮಂಗಳಮ್ಮ ಹಳದಿ ವಸ್ತ್ರ ಮಡಿಸಿಕೊಂಡು ಹಿಂದೆಯೇ ಹೋದರು.

ಬಿಲ್ಲೆ ಅಂಗಡಿಯಲ್ಲೇ ಉಳಿಯಿತು. ಡಬ್ಬಿಗೆ ಹಾಕಲು ಸಿದ್ದಲಿಂಗಮ್ಮನಿಗೆ ಮನಸ್ಸಾಗಲಿಲ್ಲ, ಅದು ಎದೆಪಟ್ಟಿಗೆ ಹೊಲಿಯುವಂಥದ್ದಲ್ಲ. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು. ಸವೆದ ತೂತು ಮೊಳೆಗೆ ಸರಿಯಾಗಿ ಕೂತಿತು. ಕೆಲಸ ಮಾಡುತ್ತಾ ತಲೆ ಎತ್ತಿದಾಗಲೆಲ್ಲ ಅದೇ ಕಾಣುತ್ತಿತ್ತು. ತಾನು ಬಾಯಿ ಬಿಡದಿದ್ದರೆ ಚೆನ್ನಾಗಿತ್ತೇನೋ ಎಂದು ಗಂಡನ ಹತ್ತಿರ ಅಂದರು. ಜವರಯ್ಯ ಮಣಿ ಪೋಣಿಸುತ್ತಲೇ, “ನೀನು ಕಾಡಿಗೆ ಹಚ್ದೆ ಇದ್ರೂ ಅಕ್ಸರ ಅಲ್ಲೇ ಇತ್ತು ಕಣ್ಲೇ,” ಎಂದರು. ಆ ಮಾತಿನಿಂದ ಸಮಾಧಾನವಾಯಿತೇ ಎಂದರೆ, ಆಗಲಿಲ್ಲ ಎನ್ನುತ್ತಾರೆ ಸಿದ್ದಲಿಂಗಮ್ಮ.

ಹದಿನೈದನೇ ತಾರೀಖು ಇನ್ನೇನು ಹತ್ತಿರವಾದಾಗ ಮಂಗಳಮ್ಮ ಒಬ್ಬರೇ ಬಂದರು. ಮೊಳೆಯ ಮೇಲಿನ ಬಿಲ್ಲೆ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದು, ಕೈ ಮುಗಿದರು.

“ಮನೆ ಗೋಡೆಲಿ ಮೊಳೆ ಕಾಲಿ ಬಿದ್ದದೆ ಅಕ್ಕ. ಅದ್ನೇ ನೋಡ್ಕಂಡು ಕೂತಿದ್ರು ನಮ್ಮನೇವ್ರು, ಉಣ್ಣಾಕೂ ಬರ್ನಿಲ್ಲ. ನಾನೇ ಅಂದೆ, ಮಾವ ಯಾವತ್ತಾದ್ರೂ ಬಂದೂಕದ ಮಾತಾಡಿದ್ರಾ? ಇಲ್ಲ. ನಾನು ಮದ್ವೆ ಆಗಿ ಬಂದ ಒಸ್ತರಲ್ಲಿ ಕೊತ್ತಂಬ್ರಿ ಬೀಜ ಉರಿಯೋದ ಕಲ್ಸಿದ್ದು ಅವ್ರು. ಸೀದೋಗೋಕೆ ಮುಂಚೆ ಒಂದು ಗಮ ಬತ್ತದೆ, ಅಲ್ಲಿ ಇಳ್ಸವ್ವ ಅನ್ನೋರು. ಊರ್ನಲ್ಲಿ ಯಾರ ಮನೆ ಬೀಗ್ರೂಟ ಆದ್ರೂ ಮಸಾಲೆಗೆ ಮಾವನ್ನೇ ಕರ್ಯೋರು. ಮಿಲ್ಟ್ರಿ ಕೈ ಅನ್ನೋರು. ನಾವು, ಪಲ್ಟನ್‌ಗೆ ಅಡ್ಗೆ ಮಾಡಿ ಕಲ್ತಿರ್ಬೇಕು ಅನ್ಕಂಡಿದ್ವಿ. ಆ ಕೈ ನಮ್ಮನೇವ್ರಿಗೂ ಬಂದದೆ. ಅಂಗಂದೆ ಅಷ್ಟೇಯ, ಕಣ್ಣಲ್ಲಿ ನೀರಾಕ್ಕಂಡ್ರು.”

ಆಮೇಲೆ ಆದದ್ದನ್ನೂ ಮಂಗಳಮ್ಮನೇ ಹೇಳಿದರು. ದ್ಯಾವಯ್ಯ ಎದ್ದು ಸೀದಾ ಹೇಮಶ್ರೀ ಮೇಡಂ ಹತ್ತಿರ ಹೋಗಿ, ನಮ್ಮಪ್ಪ ಸಿಪಾಯ್ಗಳ ಸಾಲಿನವನಲ್ಲ ಕಣಮ್ಮ, ಮಿಲ್ಟ್ರಿ ಓಟ್ಲಲ್ಲಿ ಅಡ್ಗೆ ಮಾಡ್ತಿದ್ದ, ಹೆಸ್ರು ತಗೀರಿ ಎಂದಿದ್ದರು. ಮೇಡಂ, ಬಂದವರಿಗೆಲ್ಲ ಮಧ್ಯಾಹ್ನದ ಊಟ ಇಟ್ಟುಕೊಂಡಿದ್ದೇವೆ, ಅಡುಗೆಗೆ ಯಾರೂ ಸಿಕ್ಕಿಲ್ಲ, ನೀವು ನಿಂತುಕೊಳ್ಳುತ್ತೀರಾ ಎಂದು ಕೇಳಿದ್ದರು.

“ಇದ್ಕೊಂದು ಪಿನ್ನು ಬೆಸ್ದು ಕೊಡಕ್ಕ,” ಎಂದರು ಮಂಗಳಮ್ಮ. “ಆಕ್ಕಂಡೇ ಅಡ್ಗೆ ಮಾಡ್ತಾರಂತೆ.”

ಸಿದ್ದಲಿಂಗಮ್ಮ ಬಿಲ್ಲೆಯನ್ನು ಮೊಳೆಯಿಂದ ತೆಗೆದರು. ಕಾಡಿಗೆಯನ್ನು ಒರೆಸಲಿಲ್ಲ. ಬೆನ್ನನ್ನು ಮಾತ್ರ ಸ್ವಚ್ಛ ಮಾಡಿ, ಸೀಸದ ಬೆಸುಗೆ ಕಾಯಿಸಿ, ಗಟ್ಟಿ ಪಿನ್ನೊಂದನ್ನು ಕೂರಿಸಿದರು. ಕಾದ ಹಿತ್ತಾಳೆ ಹೆಬ್ಬೆರಳಿಗೆ ತಾಗಿ ಬೊಬ್ಬೆ ಎದ್ದಿತು. ಕೊಡುವಾಗ ಒಂದೇ ಮಾತು ಹೇಳಿದರು. “ಇನ್ಮೇಲೆ ಹುಣ್ಸೆಹಣ್ಣು ಮುಟ್ಟಿಸ್ಬ್ಯಾಡಿ. ಒಣ ಬಟ್ಟೇಲಿ ಒರ್ಸಿ ಸಾಕು. ಕುಂಕುಮ ಬೇಕಾದ್ರೆ ಗೋಡೆಗಿಡಿ.”

ಸಿದ್ದಲಿಂಗಮ್ಮ ನಾಟಕಗಳನ್ನು ನೋಡಿದವರಲ್ಲ. ಗಂಟು ಕಳಿಸಿ ಮಲಗುತ್ತಾರೆ, ಗಂಟು ಬರುವಾಗ ಏಳುತ್ತಾರೆ. ತಾವು ಹೊಲಿದುಕೊಟ್ಟದ್ದು ಜನರ ಎದೆಯ ಮೇಲೆ ಹೇಗೆ ಕಾಣುತ್ತದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಆ ಆಗಸ್ಟ್ ಹದಿನೈದಕ್ಕೆ ಮಾತ್ರ ಗಂಡನ ಕೈ ಹಿಡಿದು ಶ್ರೀರಂಗಪಟ್ಟಣಕ್ಕೆ ಬಂದು, ಅಲ್ಲಿಂದ ಅರಕೆರೆಯ ಬಸ್ಸು ಹತ್ತಿದರು. ಬಸ್ಸಿನ ಉದ್ದಕ್ಕೂ ಜವರಯ್ಯ, ಊಟಕ್ಕೆ ಹೋಗುತ್ತಿದ್ದೀವೋ ಬಿಲ್ಲೆ ನೋಡಲೋ ಎಂದು ಕಾಲೆಳೆಯುತ್ತಿದ್ದರು.

ಮೈದಾನದಲ್ಲಿ ಶಾಮಿಯಾನ, ಬಾವುಟ, ಕುರ್ಚಿಗಳ ಸಾಲು. ಹೆಸರು ಕೂಗಿದಂತೆ ಮುದುಕರು, ಮುದುಕಿಯರು ಎದ್ದು ಬಂದು ಹಾರ ಹಾಕಿಸಿಕೊಳ್ಳುತ್ತಿದ್ದರು. ಶಾಮಿಯಾನದ ಹಿಂದೆ ಹೊಗೆ ಏಳುತ್ತಿತ್ತು. ಆ ದಿನ ಶ್ರಾವಣದ ಶುಕ್ರವಾರ, ಮಾಂಸ ಕೂಡದು, ಹಾಗಾಗಿ ಚೌಡಯ್ಯನ ಮಸಾಲೆಗೆ ಕಡಲೆಕಾಳು, ಬದನೆಕಾಯಿ ಬಿದ್ದಿದ್ದವು. ಕೊತ್ತಂಬರಿ ಹುರಿದ ಘಮ ಭಾಷಣಗಳಿಗಿಂತ ಮುಂಚೆ ಜನರನ್ನು ಮುಟ್ಟಿತ್ತು, ಭಾಷಣ ಮಾಡುವವರೂ ಬೇಗ ಮುಗಿಸುತ್ತಿದ್ದರು. ದ್ಯಾವಯ್ಯ ದೊಡ್ಡ ಹಂಡೆಯ ಮುಂದೆ ನಿಂತಿದ್ದರು. ಅದೇ ಗರಿಗರಿ ಅಂಗಿ, ಸೊಂಟಕ್ಕೆ ಟವೆಲು, ಎದೆಯ ಮೇಲೆ ಬಿಲ್ಲೆ.

ಊಟಕ್ಕೆ ಮೊದಲು ಕೂತದ್ದು ಸನ್ಮಾನವಾದ ಸಿಪಾಯಿಗಳ ಪಂಕ್ತಿ. ಮುದ್ದೆಯ ಮೇಲೆ ಸಾರು ಬಿಡುತ್ತಾ ದ್ಯಾವಯ್ಯ ಬಂದರು. ಎದೆ ತುಂಬ ಪದಕ ಹಾಕಿಕೊಂಡ ಮುದುಕರೊಬ್ಬರು ತುತ್ತು ನುಂಗಿ, ತಲೆ ಎತ್ತಿ, ಕಣ್ಣು ಕಿರಿದು ಮಾಡಿ ಆ ಬಿಲ್ಲೆಯನ್ನು ನೋಡಿದರು. ಪಂಕ್ತಿಯ ಕೊನೆಯಲ್ಲಿ ಕೂತಿದ್ದ ಸಿದ್ದಲಿಂಗಮ್ಮನ ಕೈ ಎಲೆಯ ಮೇಲೇ ನಿಂತಿತು.

“ಯಾವ ಪಲ್ಟನ್ನಪ್ಪ ನಿಂದು?” ಎಂದರು ಮುದುಕರು.

ದ್ಯಾವಯ್ಯ ಸೌಟು ಹಿಡಿದೇ ನೆಟ್ಟಗೆ ನಿಂತರು. “ಓಟ್ಲು ಪಲ್ಟನ್ನು ಸ್ವಾಮಿ. ನಮ್ಮಪ್ಪಂದು. ಹದಿನಾಕನೇ ನಂಬ್ರು.”

ಮುದುಕರು ಬಿಲ್ಲೆಯನ್ನೂ ಓದಿದರು, ಮುಖವನ್ನೂ ನೋಡಿದರು. ಆಮೇಲೆ ಎಲೆಯನ್ನು ಮುಂದಕ್ಕೆ ಸರಿಸಿದರು. “ಅಂಗಾದ್ರೆ ಇನ್ನೊಂದು ಸೌಟು ಬುಡು. ರಜಕ್ಕೆ ಬಂದಾಗ್ಲೆಲ್ಲ ನಾವು ಮೊದ್ಲು ಉಣ್ತಿದ್ದಿದ್ದೇ ಮಿಲ್ಟ್ರಿ ಓಟ್ಲಲ್ಲಿ ಕಣ್ಲಾ.”

ಪಂಕ್ತಿಯೆಲ್ಲ ನಕ್ಕಿತು. ದ್ಯಾವಯ್ಯನೂ ನಕ್ಕರು, ನಗುತ್ತಲೇ ತೋಳಿನಿಂದ ಕಣ್ಣು ಒರೆಸಿಕೊಂಡರು. ಹೊಗೆ ಎಂದರು. ಆಮೇಲೆ ಮೈದಾನದ ಯಾವ ಮೂಲೆಯಿಂದಲೂ ಅವರನ್ನು ಕರೆದದ್ದು ಒಂದೇ ಹೆಸರಿನಲ್ಲಿ, ಮಿಲ್ಟ್ರಿ ದ್ಯಾವಣ್ಣ, ಈ ಕಡೆ ಒಸಿ ಸಾರು.

ಈಗ ಪಾಂಡವಪುರದ ಜಗಲಿಯ ಮೇಲೆ ಬಿಸಿಲು ಏರಿದೆ. ಸೇನಾಪತಿಯ ಗುಂಡಿಯನ್ನು ಮತ್ತೆ ಎದೆಪಟ್ಟಿಗೆ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದು, ಸಿದ್ದಲಿಂಗಮ್ಮ ಪಟ್ಟಿಯನ್ನು ಗಂಟಿಗೆ ಹಾಕುತ್ತಾರೆ. ಇವತ್ತು ನಾಗಮಂಗಲದ ಕಡೆ ನಾಟಕವಿದೆ, ತವರಿನ ಕಡೆಯದೆಂದು ರಾಜನಿಗೆ ಒಂದು ಬಿಲ್ಲೆ ಹೆಚ್ಚಿಗೆ ಬಿದ್ದಿದೆ. ಬೊಬ್ಬೆಯ ಕಲೆ ಹೆಬ್ಬೆರಳಿನ ಮೇಲೆ ಇನ್ನೂ ಇದೆ. ಅರಕೆರೆಯ ಆ ದಿನದ ಮಾತು ತೆಗೆದರೆ ಅದನ್ನೇ ಸವರುತ್ತಾ ಹೇಳುತ್ತಾರೆ.

“ಅವತ್ತು ಅಲ್ಲಿ ಬಿಲ್ಲೆ ಆಕ್ಕಂಡೋರು ಬೇಕಾದಷ್ಟು ಜನ ಇದ್ರು. ಅಸಲಿ ಯಾವ್ದು ಅಂತ ಕೇಳಿದ್ರೆ, ಒಂದೊಂದ್ನೂ ಕೈಗೆ ತಗಂಡು ಬೆನ್ನು ನೋಡ್ದೆ ನಾನು ಯೋಳಾಕಿಲ್ಲ. ದ್ಯಾವಣ್ಣಂದ ಮಾತ್ರ ಅಷ್ಟು ದೂರ್ದಿಂದ, ಮುಖ ನೋಡೇ ಅಸಲಿ ಅಂತ ಯೋಳ್ಬುಟ್ಟೆ.”